ಮೋಟಾರ್ ಕಿಟ್‌ನೊಂದಿಗೆ ಕೊಟ್ಟ ಬ್ಯಾಟರಿ ಆ ಮೋಟಾರಿಗೇ ಸಾಲದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮೌಂಟನ್ ಬೈಕ್‌ಗೆ ಅಳವಡಿಸುವ 1000 ವ್ಯಾಟ್ ಮಿಡ್ ಡ್ರೈವ್ (ಪೆಡಲ್ ಬಳಿ ಕೂರುವ ಮೋಟಾರ್) ಕಿಟ್‌ನ ಬ್ಯಾಟರಿ ಬದಲಿಸಿಕೊಡುವ ಕುರಿತು.

ಮಾನ್ಯರೇ,

ನನ್ನ ಮೌಂಟನ್ ಬೈಕನ್ನು ವಿದ್ಯುತ್ ಸೈಕಲ್ಲಾಗಿ ಮಾರ್ಪಡಿಸಲೆಂದು ಮೋಟಾರ್, 52 ವೋಲ್ಟ್‌ನ 14 ಆಂಪಿಯರ್-ಅವರ್ ಬ್ಯಾಟರಿ, ಚಾರ್ಜರ್, ಡಿಸ್‌ಪ್ಲೇ, ಬ್ರೇಕ್ ಲಿವರ್ ಎಲ್ಲವೂ ಒಟ್ಟಿಗಿರುವ ಕಿಟ್ ಅನ್ನು ನಿಮ್ಮಿಂದ ತರಿಸಿಕೊಂಡಿದ್ದೇನೆ. ಬಿಡಿಬಿಡಿಯಾಗಿ ಕೊಂಡರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತಿತ್ತು. ಆದರೆ ಒಂದು ಭಾಗ ಇನ್ನೊಂದಕ್ಕೆ ಹೊಂದದೆ ಹೋದೀತೆಂಬ ಅಂಜಿಕೆಯಿಂದಲೇ ಪೂರ್ಣ ಕಿಟ್ ಆರಿಸಿಕೊಂಡೆ. ಹೊಂದಾಣಿಕೆಗೆಂದು ಹೆಚ್ಚಿನ ಹಣ ಕೊಟ್ಟವನಿಗೆ ಸಿಗದೆ ಹೋದದ್ದು ಅದೊಂದೇ.

ತೊಂದರೆ ಇಷ್ಟು. ಸಮತಟ್ಟಾದ ದಾರಿಯಲ್ಲಿ ಸೈಕಲ್ ಚೆನ್ನಾಗಿಯೇ ಓಡುತ್ತದೆ, ಆ ಬಗ್ಗೆ ನನ್ನ ತಕರಾರಿಲ್ಲ. ಕಡಿದಾದ ಏರಿನಲ್ಲಿ ಪೂರ್ಣ ಸಹಾಯದ ಮಟ್ಟಕ್ಕೆ ಹಾಕಿ ಹತ್ತುವಾಗ ಮಾತ್ರ ಮೋಟಾರ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ, ಅದರ ಜೊತೆಗೇ ಡಿಸ್‌ಪ್ಲೇಯೂ ಆರಿಹೋಗುತ್ತದೆ. ಕೆಳಗಿಳಿದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ ಮತ್ತೆ ಸಿಕ್ಕಿಸಿದ ಮೇಲೆಯೇ ಅದಕ್ಕೆ ಜೀವ ಬರುವುದು. ಕಲ್ಲುಗಳ ನಡುವೆ ನಿಧಾನವಾಗಿ ಹತ್ತುತ್ತಿರುವಾಗ ಆಧಾರವಾಗಿದ್ದ ಶಕ್ತಿ ಒಮ್ಮೆಲೇ ಮಾಯವಾದರೆ ಸವಾರ ಹಿಂದಕ್ಕೋ ಪಕ್ಕಕ್ಕೋ ಬೀಳುವುದು ಖಂಡಿತ. ನಾನು ಎರಡು ಸಲ ಬಿದ್ದಿದ್ದೇನೆ.

ಮೊದಲಿಗೆ ಇದು ನನ್ನದೇ ಕೈತಪ್ಪು ಎಂದುಕೊಂಡೆ. ಕನೆಕ್ಟರ್ ಸಡಿಲವಾಗಿರಬಹುದೆಂದು ಎರಡು ಸಂಜೆ ಎಲ್ಲ ಜೋಡಣೆಗಳನ್ನೂ ಬಿಚ್ಚಿ ನೋಡಿದೆ, ಏನೂ ಸಿಗಲಿಲ್ಲ. ಆಮೇಲೆ ಬ್ಯಾಟರಿಗೂ ಮೋಟಾರಿಗೂ ನಡುವೆ ವ್ಯಾಟ್ ಮೀಟರ್ ಜೋಡಿಸಿದೆ. ಬ್ಯಾಟರಿ ಆರಿದೊಡನೆ ಮೀಟರೂ ಆರಿಹೋಗುವುದರಿಂದ ಅದರ ಮುಂದೆ ಫೋನ್ ಕಟ್ಟಿಕೊಂಡು ಅದೇ ಏರನ್ನು ಮೂರು ಬಾರಿ ಹತ್ತಿದೆ. ಮೂರು ಸಲವೂ ವಿದ್ಯುತ್ ಪ್ರವಾಹ 28 ಆಂಪಿಯರ್ ದಾಟಿದ ಕೆಲವೇ ಕ್ಷಣಗಳಲ್ಲಿ ಎಲ್ಲವೂ ನಿಂತಿತು. ಆಗ ವೋಲ್ಟೇಜ್ 51ರ ಆಸುಪಾಸಿನಲ್ಲಿತ್ತು. ಇದರಂತೆ ಸರಣಿಯಲ್ಲಿ 14 ಕೋಶಗಳಿರುವ ಬ್ಯಾಟರಿ ಪೂರ್ತಿ ತುಂಬಿದಾಗ 58.8 ವೋಲ್ಟ್ ತೋರಿಸುತ್ತದೆ. 51 ಎಂದರೆ ಪ್ರತಿ ಕೋಶಕ್ಕೆ 3.6 ವೋಲ್ಟ್‌ಗಿಂತ ತುಸು ಹೆಚ್ಚು, ಖಾಲಿಯಾಗುವ ಮಟ್ಟಕ್ಕಿಂತ ಸಾಕಷ್ಟು ಮೇಲೆ. ಆದ್ದರಿಂದ ಚಾರ್ಜ್ ಮುಗಿದು ನಿಂತಿತೆನ್ನಲು ಬರುವುದಿಲ್ಲ. ಮೋಟಾರ್ ಬಿಸಿಯಾಗಿ, ಅದಕ್ಕೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರ್ ಶಕ್ತಿಯನ್ನು ತಗ್ಗಿಸಿದ್ದರೆ ಡಿಸ್‌ಪ್ಲೇ ಉರಿಯುತ್ತಲೇ ಇರಬೇಕಿತ್ತು. ಡಿಸ್‌ಪ್ಲೇ ಸಮೇತ ಆರಿಹೋಗುತ್ತದೆಂದರೆ ಸಂಪರ್ಕ ಕಡಿಯುತ್ತಿರುವುದು ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್.

ಇದರ ಕಾರಣ ಬ್ಯಾಟರಿಯ ತಳಭಾಗದಲ್ಲೇ ಬರೆದಿತ್ತು. ಅದನ್ನು ಚೌಕಟ್ಟಿನಿಂದ ಪೂರ್ತಿ ಹೊರತೆಗೆದರೆ ಮಾತ್ರ ಕಾಣುವ ಪುಟ್ಟ ಚೀಟಿಯಲ್ಲಿ ‘ನಿರಂತರ ಗರಿಷ್ಠ ಪ್ರವಾಹ 25 ಆಂಪಿಯರ್’ ಎಂದಿದೆ. ನಿಮ್ಮದೇ ಕೈಪಿಡಿಯ ಪ್ರಕಾರ ಮೋಟಾರಿನೊಳಗಿರುವ ಕಂಟ್ರೋಲರ್ 30 ಆಂಪಿಯರ್‌ವರೆಗೆ ಎಳೆದುಕೊಳ್ಳುತ್ತದೆ. ಅಂದರೆ ಈ ಬ್ಯಾಟರಿ ಈ ಕಂಟ್ರೋಲರ್‌ನ ಪೂರ್ಣ ಬೇಡಿಕೆಯನ್ನು ಹೆಚ್ಚು ಹೊತ್ತು ಪೂರೈಸಲು ಯಾವ ದಿನವೂ ಶಕ್ತವಾಗಿರಲಿಲ್ಲ. ಇದು ಬಳಕೆಯಿಂದ ಬಂದ ದೋಷವಲ್ಲ, ಪೆಟ್ಟಿಗೆ ತುಂಬುವಾಗಲೇ ಆದ ತಪ್ಪು.

ನಿಮ್ಮ ಸೇವಾ ವಿಭಾಗದಿಂದ ಬಂದ ಉತ್ತರಗಳು ನನ್ನನ್ನು ಇನ್ನಷ್ಟು ಬೇಸರಗೊಳಿಸಿವೆ. ಕಡಿದಾದ ಏರಿನಲ್ಲಿ ತಪ್ಪು ಗೇರ್ ಬಳಸಿ ಮೋಟಾರಿನ ಮೇಲೆ ಹೊರೆ ಹಾಕಿದ್ದೀರಿ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದು ಮೊದಲ ಪತ್ರದಲ್ಲಿ ತಿಳಿಸಿದಿರಿ. ನಾನು ಹತ್ತುತ್ತಿದ್ದದ್ದು ಹಿಂಬದಿಯ ಅತಿ ದೊಡ್ಡ ಹಲ್ಲುಚಕ್ರದಲ್ಲಿ. ಅದಕ್ಕಿಂತ ಹಗುರವಾದ ಗೇರ್ ಈ ಸೈಕಲ್ಲಿನಲ್ಲಿ ಇಲ್ಲ. ಅಲ್ಲದೆ ಗೇರ್ ಯಾವುದೇ ಇರಲಿ, ಕಂಟ್ರೋಲರ್ ತಾನೇ ಹಾಕಿಕೊಂಡ 30 ಆಂಪಿಯರ್ ಮಿತಿಯನ್ನು ಮೀರುವುದಿಲ್ಲ, ಮತ್ತು ಅಷ್ಟನ್ನು ತಾಳಿಕೊಳ್ಳುವುದು ಜೊತೆಗೆ ಕೊಟ್ಟ ಬ್ಯಾಟರಿಯ ಕೆಲಸ. ಮೌಂಟನ್ ಬೈಕ್‌ಗೆಂದೇ ಮಾರಿದ ಕಿಟ್ ಅನ್ನು ಗುಡ್ಡ ಹತ್ತಲು ಬಳಸಿದ್ದು ದುರ್ಬಳಕೆ ಹೇಗಾಗುತ್ತದೆಂದು ನನಗೆ ತಿಳಿಯುತ್ತಿಲ್ಲ.

ಎರಡನೆಯ ಉತ್ತರದಲ್ಲಿ, ಸೆಟ್ಟಿಂಗ್ ಬದಲಿಸಿ ಪ್ರವಾಹವನ್ನು 18 ಆಂಪಿಯರ್‌ಗೆ ಇಳಿಸಿಕೊಳ್ಳಲು ಸೂಚಿಸಿದಿರಿ. 52 ವೋಲ್ಟ್ ಲೆಕ್ಕದಲ್ಲಿ 30 ಆಂಪಿಯರ್ ಎಂದರೆ ಸುಮಾರು 1,560 ವ್ಯಾಟ್, 18 ಎಂದರೆ 936. ನೀವು ಜಾಹೀರಾತಿನಲ್ಲಿ ತೋರಿಸಿದ 1,500 ವ್ಯಾಟ್ ಗರಿಷ್ಠ ಶಕ್ತಿಗೆ ಹಣ ಪಡೆದು, ಅದರ ಮೂರರಲ್ಲಿ ಎರಡು ಪಾಲನ್ನೂ ತಲುಪದ ಶಕ್ತಿಗೆ ತೃಪ್ತಿಪಡಿ ಎಂದಂತಾಯಿತು ಇದು.

ಅತ್ಯಂತ ಗಂಭೀರವಾದದ್ದು ಫೋನಿನಲ್ಲಿ ಸಿಕ್ಕ ಸಲಹೆ. ಬ್ಯಾಟರಿಯ ಕವಚ ಬಿಚ್ಚಿ, ಹೊರಹೋಗುವ ತಂತಿಯನ್ನು ಬಿಎಂಎಸ್ ತಪ್ಪಿಸಿ ನೇರವಾಗಿ ಕೋಶಗಳಿಗೆ ಬೆಸುಗೆ ಹಾಕಿಕೊಂಡರೆ ಸಮಸ್ಯೆ ತೀರುತ್ತದೆಂದು ನಿಮ್ಮ ಪ್ರತಿನಿಧಿ ಹೇಳಿದರು. ಹಾಗೆ ಮಾಡಿದರೆ ಅತಿಯಾದ ಪ್ರವಾಹ, ಶಾರ್ಟ್ ಸರ್ಕ್ಯೂಟ್, ಮಿತಿಮೀರಿದ ಡಿಸ್‌ಚಾರ್ಜ್ ಯಾವುದಕ್ಕೂ ಬ್ಯಾಟರಿಯೊಳಗೆ ತಡೆಯಿರುವುದಿಲ್ಲ. ಲಿಥಿಯಂ ಅಯಾನ್ ಕೋಶದ ವೋಲ್ಟೇಜ್ ತೀರಾ ಕೆಳಗಿಳಿದರೆ ಒಳಗಿನ ತಾಮ್ರ ಕರಗತೊಡಗುತ್ತದೆ, ಮುಂದೆ ಚಾರ್ಜ್ ಮಾಡುವಾಗ ಕೋಶದೊಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. 728 ವ್ಯಾಟ್-ಅವರ್‌ನಷ್ಟು ಶಕ್ತಿ ತುಂಬಿದ ಪೆಟ್ಟಿಗೆಯನ್ನು ಮನೆಯೊಳಗೆ ಇಟ್ಟುಕೊಳ್ಳುವ ಗ್ರಾಹಕನಿಗೆ ಹೇಳುವ ಮಾತೇ ಇದು? ನಾನು ಕವಚವನ್ನು ಬಿಚ್ಚಿಲ್ಲ, ಮೊಹರು ಹಾಗೆಯೇ ಇದೆ. ಈ ಸಲಹೆಯನ್ನು ಸಂಸ್ಥೆ ಒಪ್ಪುವುದಿಲ್ಲವೆಂದು ಲಿಖಿತವಾಗಿ ತಿಳಿಸಬೇಕು, ಇದೇ ಮಾತನ್ನು ಕೇಳಿಸಿಕೊಂಡ ಬೇರೆ ಗ್ರಾಹಕರಿದ್ದರೆ ಅವರನ್ನೂ ಎಚ್ಚರಿಸಬೇಕು.

ಇನ್ನೊಂದು ಲೋಪವೂ ಇದೆ. ನನ್ನ ಸೈಕಲ್ಲಿನಲ್ಲಿರುವುದು ಹೈಡ್ರಾಲಿಕ್ ಬ್ರೇಕ್ ಎಂದು ಆರ್ಡರ್ ಮಾಡುವಾಗಲೇ ತಿಳಿಸಿದ್ದರೂ ಕೇಬಲ್ ಬ್ರೇಕಿನ ಲಿವರ್‌ಗಳನ್ನು ಕಳಿಸಿದ್ದೀರಿ. ಬ್ರೇಕ್ ಹಿಡಿದೊಡನೆ ಮೋಟಾರ್ ನಿಲ್ಲಿಸುವ ಸ್ವಿಚ್ ಆ ಲಿವರ್‌ಗಳಲ್ಲೇ ಇರುವುದರಿಂದ ಈಗ ನನಗೆ ಆ ರಕ್ಷಣೆಯೂ ಇಲ್ಲ. ಲಿವರ್‌ಗೆ, ಅಂದರೆ ಸೈಕಲ್ಲಿನಲ್ಲಿ ಈಗಿರುವ ಹೈಡ್ರಾಲಿಕ್ ಲಿವರ್‌ಗೇ, ಅಂಟಿಸುವ ಮ್ಯಾಗ್ನೆಟ್ ಸೆನ್ಸರ್‌ಗಳನ್ನು ಕೊಟ್ಟರೆ ಸಾಕಾಗುತ್ತದೆ.

ಆದ್ದರಿಂದ ನಿರಂತರವಾಗಿ ಕನಿಷ್ಠ 40 ಆಂಪಿಯರ್ ಕೊಡಬಲ್ಲ, ಅಷ್ಟನ್ನು ತಾಳುವ ಕೋಶಗಳೂ ಬಿಎಂಎಸ್ಸೂ ಇರುವ ಅದೇ ಸಾಮರ್ಥ್ಯದ ಬ್ಯಾಟರಿಯನ್ನು ಎರಡು ಸೆನ್ಸರ್‌ಗಳ ಸಮೇತ ಕಳಿಸಿಕೊಡಬೇಕೆಂದು ಕೋರುತ್ತೇನೆ. ಹಳೆಯ ಬ್ಯಾಟರಿಯನ್ನು ನಾನೇ ಅಂಚೆಯಲ್ಲಿ ಹಿಂದಿರುಗಿಸಬೇಕೆಂಬ ಷರತ್ತನ್ನು ಒಪ್ಪಲಾರೆ. ಬಿಡಿಯಾಗಿ ಸಾಗಿಸುವ ಲಿಥಿಯಂ ಅಯಾನ್ ಬ್ಯಾಟರಿ ಯುಎನ್ 3480 ಸಂಖ್ಯೆಯಡಿ ಅಪಾಯಕಾರಿ ಸರಕಾಗಿರುವುದರಿಂದ, ಅದಕ್ಕೆ ತಕ್ಕ ಪೆಟ್ಟಿಗೆಯನ್ನೂ ಸಾಗಣೆಯನ್ನೂ ನಿಮ್ಮ ಖರ್ಚಿನಲ್ಲೇ ಒದಗಿಸಬೇಕು. ಬದಲಿಸಿಕೊಡಲು ಆಗದಿದ್ದಲ್ಲಿ ಇಡೀ ಕಿಟ್ ಅನ್ನು ಹಿಂದಕ್ಕೆ ತೆಗೆದುಕೊಂಡು ಪೂರ್ಣ ಹಣ ಮರಳಿಸಿ. ಬ್ಯಾಟರಿಯೊಂದರ ಬೆಲೆಯನ್ನು ಮಾತ್ರ ಹಿಂದಿರುಗಿಸುವುದು ನನಗೆ ಸಮ್ಮತವಲ್ಲ.

ಚೀಟಿಯ ಚಿತ್ರ, ಮೂರು ಏರುಗಳ ವೀಡಿಯೊ, ಆರ್ಡರಿನ ಪ್ರತಿ ಮತ್ತು ಈವರೆಗಿನ ಪತ್ರವ್ಯವಹಾರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ವ್ಯಾಜ್ಯಗಳನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಇದೇ ದಾಖಲೆಗಳನ್ನು ಸಲ್ಲಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ