ಆ ರಾಜೀನಾಮೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ

ಬೆಂಗಳೂರು, ಆಗಸ್ಟ್ 2025

ಮಾನ್ಯ ಕಾರ್ಮಿಕ ಸಚಿವರಾದ ಶ್ರೀ ಸಂತೋಷ್ ಲಾಡ್ ಅವರಿಗೆ,

ನಮಸ್ಕಾರ. ಇಲ್ಲಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷ ಟೆಸ್ಟಿಂಗ್ ಕೆಲಸ ಮಾಡಿದವಳು ನಾನು. ಕಂಪನಿಯ ದಾಖಲೆಯ ಪ್ರಕಾರ ಕೆಲಸ ನಾನಾಗಿಯೇ ಬಿಟ್ಟಿದ್ದೇನೆ. ಬಿಡಲಿಲ್ಲ ಸಾರ್, ಬಿಡಿಸಿದರು.

ಪ್ರಾಜೆಕ್ಟ್ ಮುಗಿದು ಐದು ವಾರ ಬೆಂಚ್ ಮೇಲಿದ್ದೆ, ಅಂದರೆ ಬೇರೆ ಪ್ರಾಜೆಕ್ಟ್ ಸಿಗದೆ ಕಾಯುತ್ತಿದ್ದೆ. ಒಂದು ಬುಧವಾರ ಬೆಳಿಗ್ಗೆ ಎಚ್‌ಆರ್‌ನವರು ಮೀಟಿಂಗ್ ರೂಮಿಗೆ ಕರೆದು, ನನ್ನ ಲ್ಯಾಪ್‌ಟಾಪನ್ನೇ ಮುಂದಿಟ್ಟು, ಏನು ಟೈಪ್ ಮಾಡಬೇಕೆಂದು ಹೇಳಿಕೊಟ್ಟರು: ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ.’ ಮನೆಯವರನ್ನು ಒಂದು ಮಾತು ಕೇಳಿ ನಾಳೆ ಹೇಳುತ್ತೇನೆ ಅಂದೆ. ‘ಇವತ್ತೇ ಕಳಿಸಿದರೆ ರಿಲೀವಿಂಗ್ ಲೆಟರ್, ಎರಡು ತಿಂಗಳ ಸಂಬಳ. ಇಲ್ಲವಾದರೆ ಟರ್ಮಿನೇಷನ್. ಮುಂದೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ನಿಮಗೇ ಕಷ್ಟ’ ಎಂದರು. ಅಂದರೆ ಮುಂದಿನ ಕಂಪನಿ ನನ್ನ ಹಳೆಯ ಕೆಲಸದ ಬಗ್ಗೆ ವಿಚಾರಿಸಿದಾಗ ತೆಗೆದುಹಾಕಿದ್ದು ಗೊತ್ತಾಗುತ್ತದೆ. ಹೋಮ್ ಲೋನ್ ಕಣ್ಣ ಮುಂದೆ ಬಂತು. ಕಳಿಸಿದೆ. ಅಲ್ಲೇ ಐಡಿ ಕಾರ್ಡ್ ಇಸಕೊಂಡರು. ಬೆಳಿಗ್ಗೆ ಕಟ್ಟಿಕೊಂಡು ಹೋದ ಊಟದ ಡಬ್ಬಿ ಮುಚ್ಚಳ ತೆಗೆಯದೆ ಮನೆಗೆ ವಾಪಸ್ ಬಂತು.

ಕಳೆದ ತಿಂಗಳು ದೊಡ್ಡ ಐಟಿ ಕಂಪನಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು ತೆಗೆಯುವುದಾಗಿ ಹೇಳಿದಾಗ ಪತ್ರಿಕೆಗಳಲ್ಲಿ ಬಂತು, ಚರ್ಚೆಯಾಯಿತು. ನನ್ನಂಥವರದು ಯಾವ ಸುದ್ದಿಯೂ ಆಗುವುದಿಲ್ಲ. ನಿಮ್ಮ ಇಲಾಖೆಗೂ ಗೊತ್ತಾಗುವುದಿಲ್ಲ, ಅದೇ ನನ್ನ ಸಂಕಟ. ಕೆಲಸದ ನಿಯಮಗಳನ್ನು ಕಂಪನಿ ಬರೆದು ಸರ್ಕಾರದ ಒಪ್ಪಿಗೆ ಪಡೆಯಬೇಕೆನ್ನುವ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ನಮ್ಮ ಸರ್ಕಾರ 2014ರಲ್ಲಿ ಐದು ವರ್ಷದ ವಿನಾಯಿತಿ ಕೊಟ್ಟಿತು. 2019ರಲ್ಲೂ 2024ರಲ್ಲೂ ವಿಸ್ತರಿಸಿತು. ಷರತ್ತು ಹಾಕಿಯೇ ಕೊಟ್ಟಿದ್ದು: ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ರಾಜೀನಾಮೆ ಎಂದು ಬರೆಸಿಕೊಂಡುಬಿಟ್ಟರೆ ತಿಳಿಸುವ ಗೋಜೇ ಇಲ್ಲ.

ನನ್ನ ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡುತ್ತಿದ್ದ, ಬೇರೆ ಬಣ್ಣದ ಟ್ಯಾಗ್ ಹಾಕಿದ ಕಾಂಟ್ರಾಕ್ಟ್ ಹುಡುಗರ ಪಾಡು ಇನ್ನೂ ಕಷ್ಟ. ಅವರಿಗೆ ಸಂಬಳ ಕೊಡುವುದು ಏಜೆನ್ಸಿ. ಕಂಪನಿ ಬೇಡವೆಂದ ದಿನ ಏಜೆನ್ಸಿಯೂ ಬೇಡ ಅಂದಿತು, ಅದೂ ಒಂದು ಫೋನಿನಲ್ಲಿ.

ಕೆಲಸ ಬಿಟ್ಟವರ ಪಟ್ಟಿಯನ್ನೂ ಕಂಪನಿಗಳಿಂದ ಮೂರು ತಿಂಗಳಿಗೊಮ್ಮೆ ತರಿಸಿಕೊಳ್ಳಿ, ಕಾಂಟ್ರಾಕ್ಟ್‌ನವರ ಹೆಸರೂ ಅದರಲ್ಲಿರಲಿ. ಒಂದೇ ಆಫೀಸಿನಿಂದ ಒಂದೇ ವಾರದಲ್ಲಿ ಹತ್ತಾರು ಜನ ‘ವೈಯಕ್ತಿಕ ಕಾರಣ’ ಕೊಟ್ಟು ಹೋಗಿದ್ದರೆ, ನಿಮ್ಮ ಅಧಿಕಾರಿಯೊಬ್ಬರು ಅವರಿಗೆ ಫೋನ್ ಮಾಡಿ ಏನಾಯಿತು ಎಂದು ಕೇಳಲಿ. ರಾಜೀನಾಮೆ ವಾಪಸ್ ಪಡೆಯಲು ಏಳು ದಿನವಾದರೂ ಇರಬೇಕೆಂದು ವಿನಾಯಿತಿಯ ಷರತ್ತಿಗೆ ಸೇರಿಸಿ. ಆ ಏಳು ದಿನ ಸಿಕ್ಕಿದ್ದರೆ ನಾನು ವಕೀಲರನ್ನೋ ಐಟಿ ನೌಕರರ ಕೆಐಟಿಯು ಸಂಘದವರನ್ನೋ ಹೋಗಿ ಕಾಣುತ್ತಿದ್ದೆ.

ಇಂತಿ,
ಬೆಂಗಳೂರಿನ ಒಬ್ಬ ಟೆಸ್ಟರ್