ಇಂಟರ್‌ನೆಟ್ ಧ್ವನಿ ಹಿಡಿಯಲು ಮೈಕ್ ಬೇಡ, ವೈರೂ ಬೇಡ

ಮಾನ್ಯ ಸಂಪಾದಕರೇ,

ಸಂಗೀತಗಾರರಿಗೆ ತಮ್ಮದೇ ಕಛೇರಿಯ ವೆಬ್‌ಕಾಸ್ಟ್ (ಇಂಟರ್‌ನೆಟ್ ಪ್ರಸಾರ) ಬೇಕಾಗಿರುತ್ತದೆ, ಆಯೋಜಕರ ಬಳಿ ಮೂಲ ಫೈಲ್ ಇರುವುದಿಲ್ಲ. ಅಥವಾ ಆಕಾಶವಾಣಿಯ ನೇರಪ್ರಸಾರವನ್ನು ಅಭ್ಯಾಸಕ್ಕೆಂದು ಹಿಡಿದಿಡಬೇಕಾಗಿರುತ್ತದೆ. ಆಗ ನಮ್ಮ ಅನೇಕ ಕಲಾವಿದರು ಸ್ಪೀಕರ್ ಮುಂದೆ ಮೊಬೈಲ್ ಇಡುತ್ತಾರೆ. ಇನ್ನು ಕೆಲವರು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಮೈಕ್ ತೂತಿಗೆ ವೈರ್ ಎಳೆಯುತ್ತಾರೆ. ಮೊದಲನೆಯದರಲ್ಲಿ ಕೋಣೆಯ ಫ್ಯಾನೂ ಸೇರುತ್ತದೆ. ಎರಡನೆಯದರಲ್ಲಿ ಸ್ಟೀರಿಯೊ ಸಾಮಾನ್ಯವಾಗಿ ಮೊನೊ ಆಗುತ್ತದೆ, ಮೈಕ್ ಪ್ರೀಆಂಪ್‌ನ (ಮೈಕಿನ ಸಣ್ಣ ಧ್ವನಿ ಹಿಗ್ಗಿಸುವ ಭಾಗದ) ಸುಯ್‌ಗುಟ್ಟುವಿಕೆ, ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಜೊತೆಗೂಡುತ್ತವೆ. ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಇವೆರಡೂ ಅನಗತ್ಯ. ಧ್ವನಿ ಯಂತ್ರದೊಳಗೆ ಅಂಕಿಗಳಾಗಿಯೇ ಇರುತ್ತದೆ, ಹಾಗೆಯೇ ಫೈಲಿಗೆ ಇಳಿಸಬಹುದು, ಅದೂ ಬಿಡಿಗಾಸು ಖರ್ಚಿಲ್ಲದೆ.

ಡೌನ್‌ಲೋಡ್‌ಗೆ ಫ್ಲ್ಯಾಕ್ ಅಥವಾ ವೇವ್ (ಗುಣಮಟ್ಟ ಕುಂದದ ಧ್ವನಿ ಫೈಲ್) ಕೊಟ್ಟಿದ್ದರೆ ರೆಕಾರ್ಡ್ ಮಾಡುವ ಮಾತೇ ಬೇಡ, ಅದನ್ನೇ ಇಳಿಸಿಕೊಳ್ಳಿ. ರೇಡಿಯೊ ಸ್ಟ್ರೀಮಿನ ನೇರ ವಿಳಾಸ ಸಿಕ್ಕರೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ 'ಕಾಪಿ' ಆಯ್ಕೆ ಕೊಟ್ಟರೆ ಬಂದ ಎಂಪಿ3 ಅಥವಾ ಎಎಸಿ (ಎರಡೂ ಸಂಕುಚಿತ ಧ್ವನಿ ಮಾದರಿಗಳು) ಮತ್ತೆ ಸಂಕುಚಿತವಾಗದೆ ಬಂದಂತೆಯೇ ಉಳಿಯುತ್ತದೆ. 128 ಕಿಲೊಬಿಟ್ ಸ್ಟ್ರೀಮ್ ಗಂಟೆಗೆ ಸುಮಾರು 58 ಎಂಬಿ. ಎಎಸಿಯನ್ನು ಎಂ4ಎ ಎಂಬ ಬಗೆಯ ಫೈಲಾಗಿ ಉಳಿಸಬೇಡಿ, ನಡುವೆ ಕರೆಂಟು ಹೋದರೆ ಆ ಫೈಲ್ ತೆರೆಯುವುದೇ ಇಲ್ಲ. ಎಂಕೆಎ ಫೈಲ್ ಆದರೆ ಅಲ್ಲಿಯವರೆಗಿನದು ಉಳಿಯುತ್ತದೆ. ಮರುಸಂಪರ್ಕದ ಆಯ್ಕೆಗಳನ್ನೂ ಹಾಕಿಡಿ.

ಬ್ರೌಸರಿನಲ್ಲಷ್ಟೇ ಕೇಳುವ ಧ್ವನಿಗೆ ಬೇರೆ ದಾರಿ. ಲಿನಕ್ಸಿನ ರೂಪಗಳಾದ ಉಬುಂಟು 22.10, ಫೆಡೋರಾ 34 ಮತ್ತು ಅವುಗಳ ಆಮೇಲಿನ ಆವೃತ್ತಿಗಳಲ್ಲಿ ಧ್ವನಿ ವ್ಯವಸ್ಥೆ ಪೈಪ್‌ವೈರ್, ಹಳೆಯವುಗಳಲ್ಲಿ ಪಲ್ಸ್‌ಆಡಿಯೊ. ಎರಡರಲ್ಲೂ ಪ್ರತಿಯೊಂದು ಔಟ್‌ಪುಟ್‌ಗೂ 'ಮಾನಿಟರ್' ಎಂಬ ಜೋಡಿ ಮೂಲ ಇರುತ್ತದೆ. ಸ್ಪೀಕರಿಗೆ ಹೋಗುವುದೆಲ್ಲ ಅಲ್ಲಿಯೂ ಸಿಗುತ್ತದೆ. ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ ಮತ್ತು ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್ ಹಾಕಿಕೊಂಡರೆ ಸಲಕರಣೆ ಮುಗಿಯಿತು. ಹೊಸಬರು ಎಡವುವುದು ಒಂದೇ ಕಡೆ: ವಾಲ್ಯೂಮ್ ಕಂಟ್ರೋಲಿನ 'ರೆಕಾರ್ಡಿಂಗ್' ಟ್ಯಾಬ್ ತೆರೆದರೆ ಖಾಲಿ ಕಾಣುತ್ತದೆ. ಆಡಾಸಿಟಿಯಲ್ಲಿ ರೆಕಾರ್ಡ್ ಗುಂಡಿ ಒತ್ತಿ, ಅದು ಓಡುತ್ತಿರುವಾಗಲೇ ಆ ಟ್ಯಾಬ್ ನೋಡಬೇಕು. ಆಗ ಅಲ್ಲಿ ಆಡಾಸಿಟಿಯ ಸಾಲು ಬರುತ್ತದೆ, ಅದರೆದುರು ಮೈಕಿನ ಹೆಸರಿರುತ್ತದೆ. ಅದನ್ನು ಬದಲಿಸಿ 'ಮಾನಿಟರ್ ಆಫ್' ಎಂದು ಶುರುವಾಗುವ ಹೆಸರು ಆರಿಸಿ. ಆಡಾಸಿಟಿಯ 'ಪ್ಲೇಥ್ರೂ' ಆಯ್ಕೆ ಆಫ್ ಇರಲಿ, ಇಲ್ಲದಿದ್ದರೆ ರೆಕಾರ್ಡ್ ಆದದ್ದು ಮತ್ತೆ ಸ್ಪೀಕರಿಗೆ, ಅಲ್ಲಿಂದ ಮತ್ತೆ ರೆಕಾರ್ಡಿಗೆ ಸುತ್ತಿ ಪ್ರತಿಧ್ವನಿ ಬೆಳೆಯುತ್ತದೆ.

ಮಾನಿಟರಿನ ಒಂದು ತೊಂದರೆ, ಮೆಸೇಜ್ ಬಂದ 'ಟಣ್' ಸದ್ದೂ ಆಲಾಪನೆಯ ನಡುವೆ ಕೂತುಬಿಡುತ್ತದೆ. ಹಾಗಾಗಿ ಸ್ಟುಡಿಯೊ ಕೆಲಸಕ್ಕೆ ಪೈಪ್‌ವೈರ್ ಮತ್ತು ಆರ್ಡರ್ (Ardour ಎಂಬ ಬಹು-ಟ್ರ್ಯಾಕ್ ರೆಕಾರ್ಡಿಂಗ್ ತಂತ್ರಾಂಶ) ಜೋಡಿಯನ್ನೇ ನಾವು ಶಿಫಾರಸು ಮಾಡುತ್ತೇವೆ. ಆರ್ಡರ್ ಶುರು ಮಾಡುವಾಗ ಜ್ಯಾಕ್ ಬ್ಯಾಕೆಂಡ್ (ಧ್ವನಿ ವ್ಯವಸ್ಥೆಗೆ ಜೋಡಿಸುವ ಕೊಂಡಿ) ಆರಿಸಿ. ಅದರ ಪಲ್ಸ್‌ಆಡಿಯೊ ಬ್ಯಾಕೆಂಡ್ ನುಡಿಸುತ್ತದೆಯೇ ಹೊರತು ರೆಕಾರ್ಡ್ ಮಾಡುವುದಿಲ್ಲ. ಒಂದು ಸ್ಟೀರಿಯೊ ಟ್ರ್ಯಾಕ್ ಸೇರಿಸಿ, ಧ್ವನಿಯ ದಾರಿಗಳನ್ನು ಚಿತ್ರವಾಗಿ ತೋರಿಸುವ ಕ್ಯೂಪಿಡಬ್ಲ್ಯೂಗ್ರಾಫ್ ತಂತ್ರಾಂಶದಲ್ಲಿ ಬ್ರೌಸರಿನ ಎಡ–ಬಲ ತುದಿಗಳಿಂದ ಆ ಟ್ರ್ಯಾಕಿನ ಎರಡು ತುದಿಗಳಿಗೆ ಗೆರೆ ಎಳೆಯಿರಿ. ಸ್ಪೀಕರಿಗೆ ಹೋಗುವ ಗೆರೆ ಹಾಗೇ ಇರಲಿ, ಕೇಳುತ್ತಲೇ ಹಿಡಿಯಬಹುದು. ಪುಟ ರೀಲೋಡ್ ಆದರೆ ಬ್ರೌಸರಿನ ತುದಿ ಮಾಯವಾಗಿ ಮತ್ತೆ ಹುಟ್ಟುತ್ತದೆ, ಗೆರೆ ಕಡಿದುಹೋಗುತ್ತದೆ. ಜೋಡಣೆಯನ್ನು ಅದರಲ್ಲೇ ಪ್ಯಾಚ್‌ಬೇ (ಜೋಡಣೆಗಳ ಪಟ್ಟಿ) ಆಗಿ ಉಳಿಸಿ 'ಆಕ್ಟಿವೇಟೆಡ್' ಇಟ್ಟರೆ ತಾನೇ ಕೂಡಿಕೊಳ್ಳುತ್ತದೆ.

ಇನ್ನು ಸ್ಯಾಂಪಲ್ ರೇಟ್, ಅಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಲಾಗುತ್ತದೆ ಎಂಬ ಅಂಕಿ. ಪೈಪ್‌ವೈರ್ ಮೂಲತಃ 48,000ರಲ್ಲಿ ಓಡುತ್ತದೆ, ಆಡಾಸಿಟಿಯ ಪ್ರಾಜೆಕ್ಟ್ ಸಾಮಾನ್ಯವಾಗಿ 44,100ರಲ್ಲಿ. ಪ್ರಾಜೆಕ್ಟನ್ನೂ 48,000ಕ್ಕೆ ಇಟ್ಟರೆ ಒಂದು ಪರಿವರ್ತನೆ ತಪ್ಪುತ್ತದೆ. ನಿಜವಾದ ಅನಾಹುತ ಆಗುವುದು 44,100ರ ಫೈಲನ್ನು 48,000ರ ಸೆಷನ್ನಿಗೆ ಪರಿವರ್ತಿಸದೆ ಎಳೆದಾಗ. ವೇಗ ಶೇ 8.8ರಷ್ಟು ಹೆಚ್ಚುತ್ತದೆ. ಒಂದು ಮನೆ ಶ್ರುತಿಯಲ್ಲಿ ಹಾಡಿದ್ದು ಒಂದೂವರೆ ಮನೆಯನ್ನು ದಾಟಿ, ಎರಡು ಮನೆಯನ್ನೂ ಮುಟ್ಟದೆ ನಡುವೆ ನಿಲ್ಲುತ್ತದೆ, ಯಾವ ತಂಬೂರಿಯೂ ಕೂಡುವುದಿಲ್ಲ. ಹಾಡುಗಾರರ ಶ್ರುತಿ ಸರಿಯಿಲ್ಲವೆಂದು ಆಟೋಟ್ಯೂನ್ (ಶ್ರುತಿ ತಿದ್ದುವ ತಂತ್ರಾಂಶ) ಹಾಕುವ ಮೊದಲು ಫೈಲಿನ ರೇಟ್ ನೋಡಿ.

ಪ್ಲೇಯರ್ ಮತ್ತು ಬ್ರೌಸರಿನ ವಾಲ್ಯೂಮ್ ಶೇ 100 ಇರಲಿ. ವಾಲ್ಯೂಮ್ ಕಂಟ್ರೋಲಿನ ಪಟ್ಟಿ ಅದಕ್ಕೂ ಮುಂದೆ ಹೋಗುತ್ತದೆ, ಆದರೆ ಹೋದರೆ ಅಲೆಯ ತಲೆ ಕತ್ತರಿಸಿ ಧ್ವನಿ ಒಡೆಯುತ್ತದೆ. ಬ್ಲೂಟೂತ್ ಹೆಡ್‌ಸೆಟ್ ತೆಗೆದಿಡಿ: ರೆಕಾರ್ಡಿಂಗ್ ಶುರುವಾಗುತ್ತಿದ್ದಂತೆ ಅದು ಫೋನ್ ಕರೆಯ ಪ್ರೊಫೈಲಿಗೆ ಹಾರಿ, ಕೇಳುವ ಧ್ವನಿ ಡಬ್ಬದೊಳಗಿಂದ ಬಂದಂತಾಗಬಹುದು. ಹಿಡಿಯುವಾಗ ಬಫರ್ (ಒಮ್ಮೆಗೆ ಕೂಡಿಟ್ಟು ಸಾಗಿಸುವ ಧ್ವನಿಯ ಕಂತು) 1024 ಅಥವಾ 2048 ಸ್ಯಾಂಪಲ್ ಇಡಿ. 64 ಬೇಕಾಗುವುದು ನೇರವಾಗಿ ನುಡಿಸುವಾಗ ಮಾತ್ರ. ಟರ್ಮಿನಲ್ಲಿನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ) ಪೈಪ್‌ವೈರ್‌ನ ಸ್ಥಿತಿ ತೋರಿಸುವ ಪಿಡಬ್ಲ್ಯೂ-ಟಾಪ್ ಆಜ್ಞೆ ಕೊಟ್ಟಾಗ 'ಇಆರ್‌ಆರ್' (ದೋಷ) ಅಂಕಿ ಏರುತ್ತಿದ್ದರೆ ಚಟ್‌ಚಟ್ ಸದ್ದು ಸೇರುತ್ತಿದೆ ಎಂದೇ ಲೆಕ್ಕ.

24 ಬಿಟ್ ಸ್ಟೀರಿಯೊ ವೇವ್ ನಿಮಿಷಕ್ಕೆ 17 ಎಂಬಿ, ಗಂಟೆಗೆ ಒಂದು ಜಿಬಿ ದಾಟುತ್ತದೆ. ಸಾಮಾನ್ಯ ವೇವ್ ಫೈಲಿಗೆ 4 ಜಿಬಿ ಮಿತಿ ಇರುವುದರಿಂದ ಅಹೋರಾತ್ರಿ ಸಂಗೀತಕ್ಕೆ ಆ ಮಿತಿ ಇಲ್ಲದ ಆರ್‌ಎಫ್64 ಎಂಬ ವೇವ್ ರೂಪ ಆರಿಸಿ. ವೇವ್ ಮಾಡಿದ ಮಾತ್ರಕ್ಕೆ ಗುಣಮಟ್ಟ ಮರಳುವುದಿಲ್ಲ. 128 ಕಿಲೊಬಿಟ್ ಎಂಪಿ3ಯಲ್ಲಿ ಸುಮಾರು 16 ಕಿಲೊಹರ್ಟ್ಸ್ ಮೇಲಿನದು ಹೋಗಿಯೇ ಇರುತ್ತದೆ, ಸ್ಪೆಕ್ಟ್ರಮ್ (ಧ್ವನಿಯ ಆವರ್ತನಗಳ ಚಿತ್ರ) ತೆರೆದರೆ ಕತ್ತರಿಸಿದ ಗೆರೆ ಕಾಣುತ್ತದೆ. ಅಂಥದ್ದನ್ನು ನಿಧಾನಗೊಳಿಸಿದರೆ ತಾಳದ ನಾದದಲ್ಲಿ ಗುಳುಗುಳು ಸದ್ದು ಎದ್ದು ಬರುತ್ತದೆ. ಮೇಳೈಸುವ (ಮಿಕ್ಸಿಂಗ್) ಕೆಲಸ ಮುಗಿಯುವವರೆಗೆ ಅದನ್ನು ಮತ್ತೆ ಎಂಪಿ3 ಮಾಡಲೇಬಾರದು.

ಹಕ್ಕಿನ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪುಕಲ್ಪನೆಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆಗೆ ನ್ಯಾಯಯುತ ಬಳಕೆಯ ಅವಕಾಶ ಕೊಡುತ್ತದೆ. ಬಿಡುಗಡೆ ಮಾಡುವ ಟ್ರ್ಯಾಕಿನಲ್ಲಿ ತುಣುಕು ಸೇರಿಸುವುದು ಅದರಲ್ಲಿ ಬರುವುದಿಲ್ಲ. ವಚನ, ದಾಸರ ಪದಗಳ ಸಾಹಿತ್ಯ ಎಲ್ಲರದೂ ಹೌದು. ಆದರೆ ಇತ್ತೀಚಿನವರು ಹಾಕಿದ ರಾಗಸಂಯೋಜನೆಗೆ ಸಂಯೋಜಕರ ಜೀವಿತಾವಧಿ ಮತ್ತು ನಂತರದ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ ಇದೆ. ಹಾಡಿದವರಿಗೂ ಪ್ರತ್ಯೇಕ ಹಕ್ಕಿದೆ. ತಮ್ಮದೇ ಕಛೇರಿಯ ವೆಬ್‌ಕಾಸ್ಟ್ ಹಿಡಿಯುವವರೂ ಆಯೋಜಕರು ಮತ್ತು ಪಕ್ಕವಾದ್ಯದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಅದನ್ನು ಸೆಷನ್ ಫೋಲ್ಡರಿನಲ್ಲೇ ಆಡಿಯೊ ಫೈಲಿನ ಜೊತೆ ಇಟ್ಟುಕೊಳ್ಳಬೇಕು.

– ಮನೆ ಸ್ಟುಡಿಯೊ ನಡೆಸುವ ಇಬ್ಬರು ಓದುಗರು, ಮೈಸೂರು