ದಾಸರಹಳ್ಳಿ ಆದ್ಮೇಲೆ?

ಊರಿಗೆ ಬಂದು ಇವತ್ತಿಗೆ ಹದಿನೆಂಟು ದಿನ. ಮೊದಲ ವಾರ ಬರೀ ಮಲಗಿಯೇ ಕಳೆದೆ. ಫೋನ್ ಮಾಡಿದವರಿಗೆಲ್ಲ ಅಮ್ಮನೇ ಉತ್ತರ ಕೊಟ್ಟಳು. ಈಗ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಇನ್ನು ತೋರಿಸಲು ಬರಬೇಕಾಗಿಲ್ಲ ಅಂತ ನಿನ್ನೆ ಡಾಕ್ಟರ್ ಹೇಳಿದರು. ಲೇಹ್‌ಗೆ ಬೈಕಿನಲ್ಲಿ ಹೋಗುವಾಗ ದಾರಿಯ ಸರ್ಚುವಿನಲ್ಲಿ ಎತ್ತರದ ಗಾಳಿ ಒಗ್ಗದೆ ನನಗೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇದೆ, ಅದಕ್ಕೇ ಕೂತಿದ್ದೇನೆ.

ಏಳು ಬೈಕ್, ಮನಾಲಿಯಿಂದ ಲೇಹ್. ಎರಡು ವರ್ಷದಿಂದ ಮಾತಾಡಿಕೊಂಡು ಹೊರಟಿದ್ದು. ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿದೆವು. ಮುಂದಿನ ಪೆಟ್ರೋಲ್ ಬಂಕ್ 365 ಕಿ.ಮೀ. ದೂರ ಅನ್ನುವ ಬೋರ್ಡ್ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆವು. ರಾತ್ರಿ ಜಿಸ್ಪಾದಲ್ಲಿ ಉಳಿದೆವು. ಬೆಳಿಗ್ಗೆ ಎದ್ದಾಗಲೇ ನನಗೆ ತಲೆ ಸಿಡಿಯುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ನನ್ನಿಂದ ಎಲ್ಲರ ಒಂದು ದಿನ ಹಾಳಾಗುತ್ತದೆ ಅಂದುಕೊಂಡೆ. ಜಿಸ್ಪಾ ಸುಮಾರು 3,200 ಮೀಟರ್ ಎತ್ತರ, ಸರ್ಚು 4,290. ಒಂದೇ ದಿನದಲ್ಲಿ ಅಷ್ಟು ಮೇಲೆ ಹೋಗಿ ಮಲಗುವುದು ಚೆನ್ನಾಗಿರುವವರಿಗೇ ಕಷ್ಟ. ತಲೆನೋವು ಮುಚ್ಚಿಟ್ಟು ಹೋಗುವುದಂತೂ ದೊಡ್ಡ ತಪ್ಪು. ಅದಕ್ಕೆ ನಿಮ್ಮ ಆರೂ ಜನರ ಕ್ಷಮೆ ಕೇಳುತ್ತೇನೆ.

ಈಗ ನಿನ್ನ ವಿಷಯ. ಹೆಸರು ಹಾಕಬೇಡ ಅಂದೆ, ಹಾಕುವುದಿಲ್ಲ. ಆದರೆ ಓದುವವರಿಗೆ ಇಷ್ಟು ಗೊತ್ತಿರಲಿ: ನಮ್ಮ ಗುಂಪಿನ ಸ್ವೀಪ್ ನೀನು. ಎಲ್ಲರಿಗಿಂತ ಹಿಂದೆ ಬರುವವನು. ನಿನ್ನ ಹಿಂದೆ ನಮ್ಮವರು ಯಾರೂ ಉಳಿಯಬಾರದು, ಅಷ್ಟೇ ನಿನ್ನ ಕೆಲಸ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ನಾಲೆ ಉಕ್ಕಿತ್ತು. ಆ ಐಸ್ ನೀರಿನಲ್ಲಿ ಮೊಣಕಾಲವರೆಗೆ ನಿಂತು ಮೂರು ಬೈಕ್ ದಾಟಿಸಿದೆ. ಸರ್ಚು ಸೇರಿದಾಗ ನಿನ್ನ ಸಾಕ್ಸ್ ಇನ್ನೂ ಒದ್ದೆ. ನೀನು ಅದನ್ನು ಬದಲಿಸುವ ಮೊದಲು ನನ್ನ ಬೂಟು ಬಿಚ್ಚಿದೆ.

ಆ ರಾತ್ರಿ ನನಗೆ ತುಂಡು ತುಂಡಾಗಿ ನೆನಪಿದೆ. ಟೆಂಟಿನ ಜಿಪ್ ಸದ್ದು. ಬಾಟಲಿಯ ನೀರಿನ ಮೇಲೆ ತೆಳ್ಳಗೆ ಕಟ್ಟಿದ ಐಸನ್ನು ನೀನು ಚಮಚದ ಹಿಡಿಯಿಂದ ಒಡೆದದ್ದು. ನನ್ನ ಬೆನ್ನಿಗೆ ಎರಡು ಬ್ಯಾಗ್ ಒರಗಿಸಿ ಕೂರಿಸಿದ್ದು. ನಿದ್ದೆ ಬರ್ತಾ ಇದೆ, ಬಿಟ್ಬಿಡೋ ಅಂತ ನಾನು ಬೈದೆ. ನೀನು ಬಿಡಲಿಲ್ಲ. ಅರ್ಧ ಗಂಟೆಗೊಮ್ಮೆ ಕೆನ್ನೆ ತಟ್ಟಿ ಬಸ್ ಸ್ಟಾಪ್ ಕೇಳಿದೆ. ಯಶವಂತಪುರ ಆದ್ಮೇಲೆ? ಗೊರಗುಂಟೆಪಾಳ್ಯ. ಆಮೇಲೆ? ಪೀಣ್ಯ. ಆಮೇಲೆ? ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ. ಇಬ್ಬರೂ ನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದ ದಾರಿ ಅದು. ಸುಮ್ನೆ ಎಚ್ಚರವಾಗಿಡಲು ಕೇಳ್ತಿದ್ದೀಯ ಅಂದುಕೊಂಡಿದ್ದೆ. ನನ್ನ ಬುದ್ಧಿ ಸರಿ ಇದೆಯಾ ಅಂತ ನೀನು ನೋಡುತ್ತಿದ್ದೆ, ಅಲ್ವಾ?

ಎರಡೂವರೆ ಹೊತ್ತಿಗೆ ಮತ್ತೆ ಕೇಳಿದೆ. ದಾಸರಹಳ್ಳಿ ಆದ್ಮೇಲೆ? ನನಗೆ ಬರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ. ಟಾರ್ಚ್ ಬೆಳಕಲ್ಲಿ ನಿನ್ನ ಮುಖ ನೋಡಿದೆ. ಆ ಮುಖ ನಾನು ಮರೆಯುವುದಿಲ್ಲ.

ನೀನು ಒಂದು ಮಾತೂ ಆಡದೆ ಎದ್ದು ಹೋಗಿ ಟ್ಯಾಕ್ಸಿ ಡ್ರೈವರನ್ನು ಎಬ್ಬಿಸಿದೆ. ಸರ್ಚುವಿನಿಂದ ಕೆಳಗೆ ಇಳಿಯಬೇಕಾದರೂ ಮೊದಲು ಮೇಲೆ ಹತ್ತಬೇಕು, ಅದೇ ಅಲ್ಲಿನ ಭಯ. ದಾರಿಗೆ ಅಡ್ಡ ಇರುವ ಬಾರಾಲಾಚಾ ಲಾ ಘಾಟಿ 4,890 ಮೀಟರ್. ಕತ್ತಲಲ್ಲಿ ಅದನ್ನು ದಾಟುವಾಗ ನನ್ನ ತಲೆ ನಿನ್ನ ತೊಡೆಯ ಮೇಲಿತ್ತು. ಆಕ್ಸಿಜನ್ ಮಾಸ್ಕ್ ಜಾರದ ಹಾಗೆ ನೀನು ಕೈಯಲ್ಲಿ ಒತ್ತಿ ಹಿಡಿದಿದ್ದೆ. ಕೆಳಗೆ ಕೇಲಾಂಗ್ ಆಸ್ಪತ್ರೆ ಮುಟ್ಟುವವರೆಗೆ ಆ ಕೈ ತೆಗೆಯಲಿಲ್ಲ.

ಲೇಹ್ ನಿನ್ನ ಕನಸು ಕಣೋ. ನನ್ನದಕ್ಕಿಂತ ಜಾಸ್ತಿ ನಿನ್ನದು. ಆದರೂ ನನಗಾಗಿ ನೀನು ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದೆ. ಒಂದು ಸಲವೂ ಆ ಮಾತು ಎತ್ತಲಿಲ್ಲ. ಮೂರನೇ ದಿನ ಉಳಿದವರು ಲೇಹ್ ದಾರಿಯ ತಂಗ್‌ಲಂಗ್ ಲಾ ಘಾಟಿಯ ಫೋಟೊ ಕಳಿಸಿದಾಗ ನೀನು ಅದನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ನಾನು ಗೋಡೆ ಕಡೆ ತಿರುಗಿ ಅತ್ತೆ. ನಿನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ.

ಉಳಿದ ಐದು ಜನಕ್ಕೆ, ನಮ್ಮಿಬ್ಬರ ಬೈಕ್ ಲಾರಿಗೆ ಹತ್ತಿಸಿ ಮನಾಲಿ ಸೇರಿಸಿದ್ದಕ್ಕೆ. ಟೆಂಟಿನ ಅಣ್ಣನಿಗೆ, ಟ್ಯಾಕ್ಸಿಯವರಿಗೆ, ಕೇಲಾಂಗಿನ ನರ್ಸಮ್ಮನಿಗೆ, ರಜೆ ಕೇಳಿದ ತಕ್ಷಣ ಕೊಟ್ಟ ಆಫೀಸಿನವರಿಗೆ, ದಿನಾ ಗಂಜಿ ಮಾಡಿಕೊಟ್ಟ ಅಮ್ಮನಿಗೆ ಮನಸಾರೆ ಥ್ಯಾಂಕ್ಸ್. ಯಾರನ್ನಾದರೂ ಬಿಟ್ಟಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊನ್ನೆ ಮೊದಲ ಸಲ ಒಬ್ಬನೇ ಹೊರಗೆ ಹೋದೆ. ಯಶವಂತಪುರದಲ್ಲಿ ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ಒಂದೊಂದೇ ಸ್ಟಾಪ್ ಎಣಿಸಿಕೊಂಡು ಹೋದೆ. ಎಂಟನೇ ಮೈಲಿ ಕಣೋ. ದಾಸರಹಳ್ಳಿ ಆದ್ಮೇಲೆ ಎಂಟನೇ ಮೈಲಿ.